ನಮ್ಮದೇ ಬಾಗಿಲು

"ಗುರುಗಳೇ, ಆಫ್ರಿಕಾದ ಜನರು ಪರದೇಶದವರನ್ನು ಸಾಗಹಾಕಿ ತಮ್ಮ ತಮ್ಮ ನಾಡುಗಳನ್ನು ತಾವೇ ಆಳಿಕೊಂಡರು. ಆಮೇಲೂ ಅವರ ಹಿರಿಯರು ನಾವೆಲ್ಲ ಒಂದಾಗಬೇಕು ಎಂದು ಹಂಬಲಿಸುತ್ತಲೇ ಇದ್ದರಂತೆ. ಬಿಡುಗಡೆಯಾದ ಮೇಲೆ ಇನ್ನೇನು ಉಳಿದಿತ್ತು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಆ ಕಡೆಯ ಒಂದು ಬಯಲುಸೀಮೆಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳದು ಸುತ್ತಲಿನ ಊರುಗಳಿಗೆಲ್ಲ ಹಿರಿಯ ಮನೆ. ಸುಗ್ಗಿ ಮುಗಿದ ಮೇಲೆ ಎಲ್ಲರೂ ಒಲೆ ಆರಿಸಿ ಕಾಯುತ್ತಿದ್ದರು. ಹಿರಿಯ ಮನೆಯಲ್ಲಿ ಹೊಸ ಬೆಂಕಿ ಹೊತ್ತಿಸಿ, ಆ ಕೆಂಡವನ್ನು ಮಡಕೆಯಲ್ಲಿ ಹೊತ್ತು ಮನೆಮನೆಗೂ ಮುಟ್ಟಿಸುತ್ತಿದ್ದರು. ಹುಡುಗಿಯಾಗಿದ್ದಾಗ ಅವಳೂ ಅವಳ ತಂಗಿಯೂ ಈ ಕೆಲಸಕ್ಕಾಗಿ ಜಗಳ ಕಾಯುತ್ತಿದ್ದರು. ಕೊನೆಗೆ ಒಬ್ಬಳು ಹೊರುವಳು, ಇನ್ನೊಬ್ಬಳು ಊದುವಳು. ಕೈ ಸುಟ್ಟುಕೊಂಡರೂ ಮನೆಯಲ್ಲಿ ಹೇಳುತ್ತಿರಲಿಲ್ಲ. ಹೇಳಿದರೆ ಮರುವರ್ಷ ಕಳಿಸುತ್ತಿರಲಿಲ್ಲವಲ್ಲ! ಆ ದಿನಗಳನ್ನು ನೆನೆದರೆ ಮುದುಕಿಗೆ ಈಗಲೂ ಕಣ್ಣು ತುಂಬುತ್ತಿತ್ತು.

ತಂಗಿ ಪಕ್ಕದ ಊರಿಗೆ ಸೊಸೆಯಾಗಿ ಹೋದಳು. ಆಮೇಲೆ ಪರದೇಶದವರು ಬಂದರು. ಎಲ್ಲೋ ದೂರದಲ್ಲಿ ಕುಳಿತು ನಕ್ಷೆಯ ಮೇಲೆ ಗೆರೆ ಎಳೆದರು. ಅಕ್ಕನ ಮನೆ ಈಚೆಗೆ ಬಿತ್ತು, ತಂಗಿಯ ಮನೆ ಆಚೆಗೆ. ನಡುವೆ ಬೇಲಿ ಬಂತು, ಬೇಲಿಗೊಂದು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ಆದರೂ ಬೆಂಕಿ ನಿಲ್ಲಲಿಲ್ಲ. ಆಗ ಹುಡುಗನಾಗಿದ್ದ ತಂಗಿಯ ಮಗ ಪ್ರತಿ ಸುಗ್ಗಿಗೂ ಕಾವಲುಗಾರನ ಕಣ್ಣಿಗೆ ಮಣ್ಣೆರಚಿ, ಬೇಲಿಯಡಿ ನುಸುಳಿ ಬಂದು ಕೆಂಡ ಒಯ್ಯುತ್ತಿದ್ದ.

ಕಡೆಗೊಂದು ದಿನ ಪರದೇಶದವರು ಗಂಟುಮೂಟೆ ಕಟ್ಟಿದರು. ಎರಡೂ ಕಡೆಯವರು ಕುಣಿದಾಡಿ ಆ ಬಾಗಿಲನ್ನು ಕಿತ್ತುಹಾಕಿದರು. ಕುಣಿದ ದಣಿವು ಆರಿದ ಮೇಲೆ ಈಚೆಯವರು ಅರ್ಧ ಹಲಗೆ ಒಯ್ದು ತಮ್ಮದೊಂದು ಬಾಗಿಲು ನಿಲ್ಲಿಸಿದರು. ಆಚೆಯವರು ಸುಮ್ಮನಿರುತ್ತಾರೆಯೇ? ಉಳಿದ ಅರ್ಧದಲ್ಲಿ ಅವರೂ ಒಂದು ನಿಲ್ಲಿಸಿದರು. ಮಳೆಗೆ ನೆನೆಯದಿರಲೆಂದು ಅದರ ಮೇಲೊಂದು ಮಾಡನ್ನೂ ಹಾಕಿದರು.

ಆ ವರ್ಷ ತಂಗಿ ಹಾಸಿಗೆ ಹಿಡಿದಿದ್ದಳು. ಒಲೆ ಆರಿಸಿ ಅಕ್ಕನ ಬೆಂಕಿಗಾಗಿ ಕಾಯುತ್ತಿದ್ದಳು. ಮುದುಕಿ ತಾನೇ ಮಡಕೆ ಹೊತ್ತು ಹೊರಟಳು. ದಾರಿಯಲ್ಲಿ ಅಕಾಲದ ಮಳೆ ಹಿಡಿಯಿತು. ಈಚೆಯ ಕಾವಲುಗಾರ ಅವಳ ವಯಸ್ಸು ನೋಡಿ ಬಿಟ್ಟ. ಆಚೆಯ ಬಾಗಿಲಲ್ಲಿ ನಿಂತಿದ್ದವನು ತಂಗಿಯ ಮಗನೇ. ಮುದುಕಿಗೆ ಹೋದ ಜೀವ ಬಂದಂತಾಯಿತು.

"ರಹದಾರಿ ಎಲ್ಲಿ ದೊಡ್ಡಮ್ಮ?" ಎಂದ ಅವನು.

"ನಿಮ್ಮವ್ವ ತಣ್ಣಗಿನ ಒಲೆ ಮುಂದೆ ಕಾಯ್ತಿದ್ದಾಳೆ ಕಣೋ. ನೀನು ಬೇಲಿ ನುಸುಳಿ ಬರ್ತಿದ್ದೆಯಲ್ಲ, ಆಗ ಯಾವ ರಹದಾರಿ ತಂದಿದ್ದೆ?"

ಅವನು ತಲೆ ತಗ್ಗಿಸಿದ. "ಅದು ಪರರ ಬಾಗಿಲು, ನುಸುಳಿದರೆ ತಪ್ಪಿರಲಿಲ್ಲ. ಇದು ನಮ್ಮದು ದೊಡ್ಡಮ್ಮ. ಇದರ ಮರ್ಯಾದೆ ನಾನೇ ಕಾಯದಿದ್ದರೆ ಹೇಗೆ?"

ಮುದುಕಿ ಅಲ್ಲೇ ಕುಸಿದು ಕುಳಿತು ಕೆಂಡ ಊದತೊಡಗಿದಳು. ಉಸಿರು ಸಾಲಲಿಲ್ಲ. ನೋಡಲಾರದೆ ಅವನೂ ಬಂದು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಊದಿದ. ಕೆಂಡ ಒಂದು ಗಳಿಗೆ ಕೆಂಪಾಗಿ ಮತ್ತೆ ಮಂಕಾಯಿತು. ಒಂದಿಷ್ಟು ಒಣ ಚಕ್ಕೆ ಬೇಕಿತ್ತು. ಅವನು ಸುತ್ತ ನೋಡಿದ. ಬಯಲೆಲ್ಲ ತೊಯ್ದು ತೊಪ್ಪೆಯಾಗಿತ್ತು.

ಗುರು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಒಣಗಿದ ಮರ ಎಲ್ಲಿಯೂ ಇರಲಿಲ್ಲವೇ?" ಎಂದ.

"ಅವನ ಬೆನ್ನ ಹಿಂದೆಯೇ ಇತ್ತು ಮಗು, ಅದನ್ನು ಕಾಯಲೆಂದೇ ಅವನನ್ನು ಅಲ್ಲಿ ನಿಲ್ಲಿಸಿದ್ದರು."