ಮಾಳಿಗೆ ಮುರಿದು ಬಂದ ಅತಿಥಿ

ಬೆಳಿಗ್ಗೆ ಎದ್ದಕೂಡಲೇ ತನ್ನ ಚಾಪೆಗೂ ಪಕ್ಕದ ಅಡವಯ್ಯನ ಚಾಪೆಗೂ ನಡುವಿನ ಜಾಗವನ್ನು ಗೇಣು ಹಾಕಿ ಅಳೆಯುವುದು ಶಿಷ್ಯ ಮಹಾಲಿಂಗನ ಅಭ್ಯಾಸ. ಮೂರು ಗೇಣು ಇದ್ದರೆ ಆ ದಿನ ಶಾಂತಿ. ಅಂದು ಎರಡು ಬೆರಳು ಕಡಿಮೆ ಬಂತು. ಅಡವಯ್ಯನನ್ನು ಚಾಪೆಯ ಸಮೇತ ಕೋಣೆಯಿಂದ ಹೊರಗೆ ಹಾಕಿ, ಮಹಾಲಿಂಗ ನೇರವಾಗಿ ಗುರುಗಳ ಬಳಿಗೆ ಬಂದ.

"ಗುರುಗಳೇ, ಗಡಿ ದಾಟಿದವನನ್ನು ಮತ್ತೆ ಒಳಗೆ ಸೇರಿಸಬೇಕೇ?"

ಗುರುಗಳು ಕತೆ ಹೇಳಿದರು.

ಪಠಾಣರ ಬೆಟ್ಟನಾಡಿನಲ್ಲಿ ಒಬ್ಬ ರೈತನಿದ್ದ. ಕಣಿವೆಯ ಆಚೆ ಒಬ್ಬ ಕುರಿಗಾಹಿ. ನಡುವೆ ಒಂದು ಹಳ್ಳ. ಹಳ್ಳದ ನೀರಿಗಾಗಿ ಅವರ ಅಜ್ಜಂದಿರ ಕಾಲದಿಂದಲೂ ಹಗೆ. ಇಬ್ಬರ ಮನೆಗೂ ಕಿಟಕಿಯಿಲ್ಲ; ಮಣ್ಣಿನ ಗೋಡೆಯಲ್ಲಿ ಕೋವಿಯ ತುದಿ ತೂರುವಷ್ಟು ಕಿಂಡಿ ಮಾತ್ರ.

ಒಂದು ಚಳಿಗಾಲ ಕುರಿಗಾಹಿ ರೈತನನ್ನು ಕೊಲ್ಲಲೆಂದು ಅವನ ಮನೆಯ ಹಿಂದಿನ ಬೆಟ್ಟದಿಂದ ಇಳಿದ. ಹಿಮದಲ್ಲಿ ಕಾಲು ಜಾರಿತು. ಮೇಲೆ ಬಿದ್ದ ಭಾರಕ್ಕೆ ರೈತನ ಮಣ್ಣಿನ ಮಾಳಿಗೆ ಕುಸಿದು, ಕೋವಿಯ ಸಮೇತ ಒಲೆಯ ಪಕ್ಕಕ್ಕೇ ಬಿದ್ದ. ಕಾಲು ಮುರಿಯಿತು.

"ನಿನ್ನ ಆಶ್ರಯಕ್ಕೆ ಬಂದಿದ್ದೇನೆ," ಎಂದ.

ಆಶ್ರಯ ಕೇಳಿದವನು ಹಗೆಯಾದರೂ ಅತಿಥಿ. ಅದು ಆ ನಾಡಿನ ಕಟ್ಟಳೆ. ರೈತ ತಲೆಯ ಮೇಲಿನ ತೂತನ್ನೇ ನೋಡಿದ.

"ಬಾಗಿಲಿಂದ ಬರಬಾರದಿತ್ತೇನಯ್ಯಾ?"

"ಬಾಗಿಲಲ್ಲಿ ನಿನ್ನ ನಾಯಿ ಇತ್ತಲ್ಲ!"

ಕಣಿವೆ ದಾಟುವ ದಾರಿಗಳೆಲ್ಲ ಹಿಮದಲ್ಲಿ ಮುಚ್ಚಿದವು. ಮನೆಗಿದ್ದ ಒಂದೇ ರಜಾಯಿ ಅತಿಥಿಗೆ ಹೋಯಿತು. ರೈತ ಗೋಣಿ ಹೊದ್ದು ಮಲಗಿದ. ಅತಿಥಿ ರೊಟ್ಟಿಗೆ ಉಪ್ಪು ಸಾಲದೆಂದ. ಮಾಳಿಗೆಯ ತೂತಿನಿಂದ ಗಾಳಿ ಬರುತ್ತದೆಂದೂ ದೂರಿದ. ರೈತ ಹಲ್ಲು ಕಚ್ಚಿಕೊಂಡು ತೂತು ಮುಚ್ಚಿದ. ಹಗೆ ತೀರಿಸಲು ರೈತನ ತಮ್ಮಂದಿರು ಬಂದಾಗ, ಅವನೇ ಕೋವಿ ಹಿಡಿದು ಬಾಗಿಲಿಗೆ ಅಡ್ಡ ನಿಂತ.

"ಇವನನ್ನು ಮುಟ್ಟಿದರೆ ನಿಮಗೆ ಗುಂಡಿಕ್ಕುತ್ತೇನೆ. ಹಿಮ ಕರಗಲಿ, ಇವನಿಗೆ ನಾನೇ ಗುಂಡಿಕ್ಕುತ್ತೇನೆ."

ಒಳಗಿನಿಂದ ಅತಿಥಿ ಕೂಗಿದ: "ಬಾಗಿಲು ಹಾಕಪ್ಪಾ, ಚಳಿ!"

ನಾಲ್ಕು ತಿಂಗಳಿಗೆ ಹಿಮ ಕರಗಿತು, ಕಾಲೂ ಕೂಡಿತು. ಅತಿಥಿಯನ್ನು ಗಡಿಯವರೆಗೆ ಕಳಿಸಿಕೊಡುವುದೂ ಕಟ್ಟಳೆಯೇ. ಹಳ್ಳ ದಾಟಿದ ಗಳಿಗೆಯಿಂದ ಅವನು ಮತ್ತೆ ಹಗೆ. ರೈತ ಅವನ ಕೋವಿಯನ್ನು ಅವನಿಗೆ ಕೊಟ್ಟು, ತನ್ನದನ್ನು ಹೆಗಲಿನಿಂದ ಇಳಿಸಿದ. ಕುರಿಗಾಹಿ ಒಂದು ಕಾಲನ್ನು ನೀರಿಗಿಟ್ಟ. ಇನ್ನೊಂದು ದಡದಲ್ಲೇ ಉಳಿಯಿತು. ಹಾಗೇ ತಿರುಗಿ ನೋಡಿದ.

"ಅಣ್ಣಾ, ನಮ್ಮ ಒಲೆಯ ಹತ್ತಿರ ತಂಬಾಕಿನ ಚೀಲ ಮರೆತುಬಿಟ್ಟೆ. ಬಂದು ತೆಗೆದುಕೊಳ್ಳಲೇ?"

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಮಹಾಲಿಂಗ ತಡೆಯಲಾರದೆ ಮುಂದಕ್ಕೆ ಬಾಗಿದ.

"ರೈತ ಏನೆಂದ ಗುರುಗಳೇ?"

"ಅದಿರಲಿ, ಅಡವಯ್ಯ ಕೋಣೆಯಲ್ಲಿ ತಂಬಿಗೆ ಮರೆತನಂತೆ, ಒಳಗೆ ಬರಲೇ ಎಂದು ಕೇಳಲು ಆಗಿನಿಂದ ನಿನ್ನ ಬೆನ್ನ ಹಿಂದೆ ನಿಂತಿದ್ದಾನೆ."