ಬಾಳೆನಾರಿನ ಕಾಲು

ಎಷ್ಟೋ ತಲೆಮಾರಿನ ಹಿಂದೆ, ಹೊಳೆ ಮಗ್ಗುಲಲ್ಲಿ ಒಂದೂರು. ಆ ಊರಲ್ಲಿ ಹಲಗಯ್ಯ ಅಂತ ಒಬ್ಬ ಬೆಸ್ತ ಇದ್ದನಂತೆ. ಬಲೆ ಬೀಸುತ್ತಿರಲಿಲ್ಲ. ಗಾಳಕ್ಕೆ ಹುಳ ಕಟ್ಟುತ್ತಿದ್ದ. ನಿಜವಾದ ಹುಳ ಅಲ್ಲ, ಕೈಯಲ್ಲಿ ಮಾಡಿದ್ದು. ಮಳೆ ಬಿಟ್ಟ ಮೇಲೆ ಹುಲ್ಲಿಂದ ಏಳುತ್ತದಲ್ಲ, ಸೊಳ್ಳೆಯ ದೊಡ್ಡಣ್ಣನ ಹಾಗೆ, ಕಾಲೇ ಒಂದು ಗೇಣು ಅನ್ನಿಸುವ ಹುಳ, ಅದು. ಅವನು ಕಟ್ಟಿದ್ದನ್ನು ನೀರಿಗೆ ಬಿಟ್ಟರೆ ಕೊಕ್ಕರೆ ಕೂಡ ಮೋಸ ಹೋಗುತ್ತಿತ್ತು ಅಂತಾರೆ.

ಕಟ್ಟೋನು ಅವನು. ಆರಿಸೋಳು ಅವನ ಹೆಂಡತಿ ಹೊನ್ನಾಜಿ. ಹುಂಜದ ಗರಿಯೋ, ರೇಷ್ಮೆ ಎಳೆಯೋ, ಕುದುರೆ ಬಾಲದ ಕೂದಲೋ, ಯಾವುದು ಸರಿ ಅಂತ ದಡದಲ್ಲಿ ಕೂತು ಹೇಳುತ್ತಿರಲಿಲ್ಲ. ಮಡುವಿಗಿಳಿದು ಮುಳುಗುತ್ತಿದ್ದಳು. ಅವನು ಹುಳವನ್ನು ನೀರಿನ ಮೇಲೆ ಇಡುತ್ತಿದ್ದ. ಅವಳು ಕೆಳಗಿಂದ ಕಣ್ಣು ಬಿಟ್ಟು ನೋಡುತ್ತಿದ್ದಳು. ಮೀನು ನೋಡೋದು ಕೆಳಗಿಂದ ತಾನೇ ಅನ್ನುತ್ತಿದ್ದಳಂತೆ.

ಒಂದು ವರ್ಷ ಹಲಗಯ್ಯನಿಗೆ ನವಿಲುಗರಿ ಸಿಕ್ಕಿತು. ಎರಡು ದಿನ ಕಾಡು ಅಲೆದು ತಂದಿದ್ದು. ಅದರ ಎಳೆಯಲ್ಲಿ ಆರು ಕಾಲು ಮಾಡಿ, ಒಂದೊಂದು ಕಾಲಿಗೂ ಮಂಡಿ ಅಂತ ಗಂಟು ಹಾಕಿದ. ಜೊತೆಗಿರಲಿ ಅಂತ ಒಣಗಿದ ಬಾಳೆನಾರಿನದೂ ಒಂದು ಕಟ್ಟಿದ. ಮಾಗಿ ಚಳಿ. ಹೊಳೆ ಕೊರೆಯುತ್ತಿತ್ತು. ಹೊನ್ನಾಜಿ ಮುಳುಗಿ ಎದ್ದಳು.

"ಬಾಳೆನಾರಿಂದೇ ಹುಳ," ಅಂದಳು. "ನವಿಲುಗರೀದು ಮದುವೆ ಗಂಡು."

ಅವನ ಮನಸ್ಸು ಒಪ್ಪಲಿಲ್ಲ. ಬಾಳೆನಾರು ಅಂದರೆ ಹಿತ್ತಿಲ ಕಸ. ಹೂ ಕಟ್ಟೋಕೆ ಬರೋದು.

"ಇನ್ನೊಂದು ಸಲ ನೋಡೇ," ಅಂದ.

ಮುಳುಗಿದಳು. ಅದೇ ಮಾತು. ಇನ್ನೊಂದು ಸಲ ಅಂದ. ಅದೇ ಮಾತು. ಏಳು ಸಲ ಇಳಿಸಿದನಂತೆ. ಏಳನೇ ಸಲ ಎದ್ದಾಗ ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

"ನಿನ್ನ ಗರೀನೇ ಸರಿ ಅಂದ್ಬುಡ್ಲಾ? ಅಂದ್ರೆ ಮನೆಗೆ ಹೋಗಾಣಾ?"

ಅವನು ಹುಳ ಎರಡನ್ನೂ ಎತ್ತಿಕೊಂಡ. ಮುಖ ಊದಿಸಿಕೊಂಡು ಮುಂದೆ ನಡೆದ.

ಆ ಸಂಜೆಯೇ ಅವಳಿಗೆ ಚಳಿಜ್ವರ ಬಂತು. ನಾಲ್ಕನೇ ದಿನ ಹೋಗಿಬಿಟ್ಟಳು.

ತಿಥಿ ಕಳೆಯಿತು. ಹಲಗಯ್ಯ ಗಾಳ ಮುಟ್ಟಲಿಲ್ಲ. ಅವಳಿಗೆ ಕಂಡದ್ದು ಏನು, ಅದೊಂದೇ ಯೋಚನೆ. ಒಂದು ಬೆಳಿಗ್ಗೆ ಅವಳ ತಾಯಿಯನ್ನು ಮಡುವಿಗೆ ಕರೆದುಕೊಂಡು ಹೋದ. ಎರಡೂ ಹುಳ ಆಕೆಯ ಕೈಗೆ ಕೊಟ್ಟು ನೀರಿನ ಮೇಲೆ ಇಡಲು ಹೇಳಿ, ತಾನು ಮುಳುಗಿದ. ಚಳಿ ಮೂಳೆಗೆ ಇಳಿಯಿತು. ಕಣ್ಣು ಬಿಟ್ಟ. ನವಿಲುಗರಿ ನೆಂದು ಮುದ್ದೆಯಾಗಿತ್ತು. ಬಾಳೆನಾರಿನ ಆರೂ ಕಾಲು ನಿಜವಾದ ಹುಳದ ಹಾಗೆ ನೀರನ್ನು ಒತ್ತಿ ನಿಂತಿದ್ದವು. ಒಂದೊಂದು ಕಾಲಿನ ಕೆಳಗೂ ಒಂದೊಂದು ಬೆಳಕಿನ ಗುಳಿ. ಒಂದು ಸಲ ನೋಡಿದರೆ ಸಾಕಿತ್ತು.

ಎದ್ದಾಗ ಮುದುಕಿ ಕೇಳಿದಳಂತೆ, "ಏನಪ್ಪಾ ಕಂಡಿದ್ದು?"

"ಮೊದಲ್ನೇ ಸಲಾನೇ ಹೇಳಿದ್ಲು ಅತ್ತೆ," ಅಂದನಂತೆ.

ಆಮೇಲೆ ಸಾಯೋ ತನಕ ಬಾಳೆನಾರು ಬಿಟ್ಟು ಬೇರೆ ಕಟ್ಟಲಿಲ್ಲ ಅಂತಾರೆ. ಮೀನು ರಾಶಿ ಬಿತ್ತು ಅಂತಾರೆ. ಅವನು ಒಂದನ್ನೂ ತಿನ್ನಲಿಲ್ಲ ಅಂತಾರೆ.

ಈಗಲೂ ಆ ಮಡುವಿನಲ್ಲಿ ಹುಳ ಕಟ್ಟೋರು ಒಬ್ಬರನ್ನು ನೀರಿಗಿಳಿಸಿ ನೋಡಿಸುತ್ತಾರೆ. ಎದ್ದು ಬಂದವರಿಗೆ ಮೊದಲು ಕಂಬಳಿ ಹೊದಿಸುತ್ತಾರೆ. ಆಮೇಲೆ ಕೇಳುತ್ತಾರೆ. ಒಂದೇ ಸಲ.