ಮಸಿ ಸವರದ ಸಾಲು

"ಗುರುಗಳೇ, ಆರು ತಿಂಗಳು ಕಾಡು ಅಲೆದು ಈ ಮದ್ದು ಕಂಡುಕೊಂಡವನು ನಾನು. ಇದನ್ನು ಮಠದ ಓಲೆಕಟ್ಟಿಗೆ ಬರೆಸಿ, ಸುಮ್ಮನೆ ಕೂತವರಿಗೆಲ್ಲ ಯಾಕೆ ಹಂಚಬೇಕು?" ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಗುರುಗಳು "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಮಠದಲ್ಲಿ ಮದ್ದುಗಳನ್ನು ಬರೆದಿಟ್ಟ ತಾಳೆಗರಿಯ ಓಲೆಕಟ್ಟು ಇತ್ತು. ಅದಕ್ಕೆ ತಾಯಿಕಟ್ಟು ಎಂದು ಹೆಸರು. ಅದನ್ನು ನೋಡಿ ಬರೆದುಕೊಂಡ ಮರಿಕಟ್ಟುಗಳನ್ನು ಹಿಡಿದು ಇಬ್ಬರು ವೈದ್ಯರು ದೂರದ ಎರಡು ಊರುಗಳಲ್ಲಿ ಮದ್ದು ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಇಬ್ಬರೂ ಮಠಕ್ಕೆ ಬರಬೇಕು. ಒಬ್ಬ ಹೊಸದಾಗಿ ಕಂಡದ್ದು ಮೊದಲು ತಾಯಿಕಟ್ಟಿಗೆ ಏರಬೇಕು, ಅಲ್ಲಿಂದ ಇನ್ನೊಬ್ಬನ ಕಟ್ಟಿಗೆ ಇಳಿಯಬೇಕು. ಮೂರೂ ಕಟ್ಟುಗಳನ್ನು ತಾಳೆ ನೋಡಿದ ಮೇಲೇ ಊಟ.

ಕಿರಿಯ ವೈದ್ಯ ಪ್ರತಿ ವರ್ಷ ಹೊಸ ಮದ್ದಿನ ಏಳೆಂಟು ಸಾಲು ತರುತ್ತಿದ್ದ. ಹಿರಿಯನಿಗೆ ಒಂದು ಸಿಕ್ಕರೆ ಹೆಚ್ಚು. ಮಠದ ಅಯ್ಯನವರು "ಭಲೆ ತಮ್ಮಾ" ಎಂದು ಕಿರಿಯನ ಬೆನ್ನು ತಟ್ಟಿದಾಗಲೆಲ್ಲ ಹಿರಿಯ ಮುಖ ತಿರುಗಿಸಿಕೊಳ್ಳುತ್ತಿದ್ದ. ಕಿರಿಯನ ಸಾಲುಗಳನ್ನು ತನ್ನ ಓಲೆಗೆ ಇಳಿಸಿಕೊಳ್ಳುವಾಗ, ಓಲೆ ಕೊರೆಯುವ ಕಬ್ಬಿಣದ ಕಂಟ ಕೈಯಲ್ಲಿ ಭಾರವಾಗುತ್ತಿತ್ತು. ಒಮ್ಮೆ ಕಿರಿಯ ನಗುತ್ತ, "ಅಣ್ಣಾ, ನನ್ನದನ್ನೇ ಬರೆದು ಬರೆದು ನಿನ್ನ ಬೆರಳಿಗೆ ಬೊಬ್ಬೆ ಬಂದೀತು" ಎಂದ. ತಮಾಷೆಗೆ ಅಂದದ್ದು, ಪಾಪ. ಹಿರಿಯ ಆ ಮಾತನ್ನು ಊರ ತನಕ ಹೊತ್ತುಕೊಂಡು ಹೋದ.

ಆ ವರ್ಷ ಅವನಿಗೂ ಒಂದು ದೊಡ್ಡದು ಸಿಕ್ಕಿತು. ಬಾಣಂತಿಯರ ನಂಜಿನ ಜ್ವರಕ್ಕೆ ಕಟ್ಟಿನಲ್ಲಿ ಒಂದು ಬೇರಿನ ಕಷಾಯ ಹೇಳಿತ್ತು. ಅದನ್ನು ಕುಡಿದು ಉಳಿದವರು ಕಡಿಮೆ. ಅದೇ ಬೇರನ್ನು ಕುದಿಸದೆ ಹಸಿಯಾಗಿ ಅರೆದು ಕೊಟ್ಟು ನೋಡಿದ. ಮೂವರು ಬಾಣಂತಿಯರು ಎದ್ದು ಓಡಾಡಿದರು. ಅದನ್ನು ತನ್ನ ಓಲೆಯಲ್ಲಿ ಕಂಟದಿಂದ ಕೊರೆದ. ಕೊರೆದ ಅಕ್ಷರ ಮಸಿ ಸವರಿದರೆ ಮಾತ್ರ ಕಣ್ಣಿಗೆ ಕಾಣುವುದು. ಅವನು ಸವರಲಿಲ್ಲ. ಇನ್ನು ಮೇಲೆ ಕಿರಿಯನ ಊರಿನವರೂ ನನ್ನ ಬಾಗಿಲಿಗೇ ಬರಲಿ ಎಂದುಕೊಂಡ.

ತಾಳೆ ನೋಡುವ ದಿನ ಅಯ್ಯನವರು ಮಂಜುಗಣ್ಣು ಕಿರಿದು ಮಾಡಿಕೊಂಡು ಹಿರಿಯನ ಓಲೆಗಳನ್ನು ಒಂದೊಂದಾಗಿ ತಿರುವಿದರು.

"ಹೊಸದೇನೂ ಇಲ್ಲವೇನಪ್ಪಾ?"

"ಇಲ್ಲ, ಅಯ್ಯನವರೇ."

ಎಲ್ಲರೂ ಊಟಕ್ಕೆ ಎದ್ದರು.

ಹಿರಿಯನಿಗೆ ಒಬ್ಬಳೇ ಮಗಳು. ಅವಳನ್ನು ಕಿರಿಯನ ಊರಿಗೇ ಕೊಟ್ಟಿತ್ತು. ಚೊಚ್ಚಲ ಹೆರಿಗೆ ತವರಲ್ಲಿ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲಾಯಿತು. ಮೂರನೆಯ ದಿನಕ್ಕೆ ಜ್ವರ ಏರಿತು. ಸುದ್ದಿ ಮುಟ್ಟಿದ್ದೇ ತಡ, ಹಿರಿಯ ಹಸಿ ಬೇರನ್ನು ಹೆಗಲ ವಸ್ತ್ರದಲ್ಲಿ ಕಟ್ಟಿಕೊಂಡು ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ನಡೆದ. ಅವನು ಹೋಗಿ ನಿಂತಾಗ ಅಂಗಳದ ತುಂಬ ಜನ ತಲೆ ತಗ್ಗಿಸಿ ನಿಂತಿದ್ದರು. ಒಳಗೆ ಎಳೆಗೂಸು ಒಂದೇ ಅಳುತ್ತಿತ್ತು.

ಕಿರಿಯ ಓಡಿ ಬಂದು ಅವನ ಕಾಲು ಹಿಡಿದ. "ಅಣ್ಣಾ, ಕಟ್ಟಿನಲ್ಲಿ ಇದ್ದದ್ದನ್ನು ಒಂದಕ್ಷರ ಬಿಡದೆ ಮಾಡಿದೆ. ಅದಕ್ಕಿಂತ ಬೇರೆ ದಾರಿ ಇದ್ದಿದ್ದರೆ ನೀನು ನನಗೆ ಹೇಳದೆ ಇರುತ್ತಿದ್ದೆಯಾ?"

ಹಿರಿಯ ಬೇರು ಕಟ್ಟಿದ್ದ ಗಂಟನ್ನು ಬೆನ್ನ ಹಿಂದಕ್ಕೆ ಸರಿಸಿದ.

ಕತೆ ಮುಗಿಸಿ ಗುರುಗಳು ಶಂಭುಲಿಂಗನ ಮುಖ ನೋಡಿದರು.

"ನಿನ್ನವರೆಲ್ಲ ನಿನ್ನ ಊರಲ್ಲೇ ಕಾಯಿಲೆ ಬೀಳುತ್ತಾರೆಂದು ನಿನಗೆ ಯಾರು ಮಾತು ಕೊಟ್ಟಿದ್ದಾರೆ, ಮಗೂ?"